ಸೆರೆಮನೆಯಿಂದ ರಣರಂಗಕ್ಕೆ: ಧೋಂಡಿಯ ವಾಘ್

1799ರ ಮೇ 4ರಂದು ಶ್ರೀರಂಗಪಟ್ಟಣದಲ್ಲಿ ಟಿಪ್ಪು ಸುಲ್ತಾನರು ಹುತಾತ್ಮರಾದರು. ಮೈಸೂರಿನ ಹೋರಾಟ ಅಲ್ಲಿಗೇ ಮುಗಿಯಿತೆಂದು ನಮ್ಮಲ್ಲಿ ಅನೇಕರು ತಿಳಿದಿದ್ದೇವೆ. ಆದರೆ ಅದೇ ಕೋಟೆಯ ಸೆರೆಯಿಂದ ಹೊರಬಂದ ಒಬ್ಬ ಕೈದಿ ಇಂಗ್ಲಿಷರನ್ನು ಮತ್ತೂ ಒಂದು ವರ್ಷ ಕಾಡಿದ. ಅವನೇ ಧೋಂಡಿಯ ವಾಘ್. ಈ ಸಂಚಿಕೆಗೆ ನಾನು ಅವನ ಜೀವನವನ್ನೇ ಆರಿಸಿಕೊಂಡಿದ್ದೇನೆ.

ಧೋಂಡಿಯ ಹುಟ್ಟಿದ್ದು ಚನ್ನಗಿರಿಯಲ್ಲಿ, ಮರಾಠ ಮನೆತನದಲ್ಲಿ. ಹೈದರಾಲಿಯವರ ಕಾಲದಲ್ಲಿ ಮೈಸೂರಿನ ಕುದುರೆ ದಂಡಿಗೆ ಸೇರಿದ. ಮೂರನೆಯ ಮೈಸೂರು ಯುದ್ಧದ ವೇಳೆ ದಂಡನ್ನು ಬಿಟ್ಟು, ಧಾರವಾಡದ ಕಡೆ ಸ್ವಂತ ಪಡೆ ಕಟ್ಟಿ ಊರುಗಳನ್ನು ಸುಲಿದ. ಮುಂದೆ ಟಿಪ್ಪು ಸುಲ್ತಾನರ ಬಳಿಗೆ ಮರಳಿದಾಗ ಅವರು ಅವನನ್ನು ಸೆರೆಯಲ್ಲಿಟ್ಟರು. ಅವನನ್ನು ಇಸ್ಲಾಮಿಗೆ ಸೇರಿಸಿ ಮಲಿಕ್ ಜಹಾನ್ ಖಾನ್ ಎಂದು ಹೆಸರಿಡಲಾಯಿತು.

ಬಿಡುಗಡೆಯಾದ ಧೋಂಡಿಯ ಬಿದನೂರು ಸೀಮೆಗೆ ಹೋದ. ಸುಲ್ತಾನರ ಸೈನ್ಯ ಚದುರಿ ಕೆಲಸ ಕಳೆದುಕೊಂಡಿದ್ದ ಸಿಪಾಯಿಗಳು ಅವನನ್ನು ಕೂಡಿಕೊಂಡರು. ಇಂಗ್ಲಿಷರು ಶಿಕಾರಿಪುರದಲ್ಲಿ ಸೋಲಿಸಿದಾಗ ತುಂಗಭದ್ರೆ ದಾಟಿ ಮರಾಠರ ಸೀಮೆಗೆ ತಪ್ಪಿಸಿಕೊಂಡು, ಮತ್ತೆ ಸಾವಿರಾರು ಸವಾರರನ್ನು ಕಲೆಹಾಕಿ, ತನ್ನನ್ನು ಉಭಯ ಲೋಕಗಳ ಒಡೆಯನೆಂದು ಕರೆದುಕೊಂಡ. 1800ರ ಜೂನ್ ಕೊನೆಯಲ್ಲಿ ಮರಾಠ ಸರದಾರ ಧೋಂಡೋಪಂತ ಗೋಖಲೆ ಅವನ ಕೈಯಲ್ಲಿ ಮಡಿದ.

ಮೈಸೂರಿನ ಇಂಗ್ಲಿಷ್ ಸೇನಾಧಿಪತಿ ಆರ್ಥರ್ ವೆಲ್ಲೆಸ್ಲಿಗೆ ಅದೇ ವರ್ಷ ಜಾವಾ ದ್ವೀಪದ ಡಚ್ ನಗರ ಬಟಾವಿಯದ ಮೇಲೆ ದಂಡೆತ್ತಿ ಹೋಗುವ ಅವಕಾಶ ಬಂದಿತ್ತು. ಧೋಂಡಿಯನನ್ನು ಹಾಗೇ ಬಿಟ್ಟು ಸಮುದ್ರ ದಾಟುವುದು ಅಪಾಯವೆಂದು ಅವನನ್ನು ಇಲ್ಲೇ ಉಳಿಸಿಕೊಳ್ಳಲಾಯಿತು. ಸವಣೂರು, ಡಂಬಳ, ಮುನವಳ್ಳಿ ಎಂದು ತಿಂಗಳುಗಟ್ಟಲೆ ಬೆನ್ನಟ್ಟಿದ ವೆಲ್ಲೆಸ್ಲಿ, ಸೆಪ್ಟೆಂಬರ್ 10ರಂದು ರಾಯಚೂರು ಸೀಮೆಯ ಕೋಣಗಲ್ ಬಳಿ ನಾಲ್ಕು ಕುದುರೆ ದಳಗಳೊಂದಿಗೆ ಎದುರಾದ. ಧೋಂಡಿಯನ ಬಳಿ ಸುಮಾರು 5,000 ಸವಾರರಿದ್ದರು. ವೆಲ್ಲೆಸ್ಲಿ ಎಲ್ಲರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿ ನುಗ್ಗಿದ. ಧೋಂಡಿಯ ರಣರಂಗದಲ್ಲೇ ಬಿದ್ದ. ಅವನ ಶವವನ್ನು ಫಿರಂಗಿಗೆ ಕಟ್ಟಿ ಬಿಡಾರಕ್ಕೆ ಒಯ್ದರು. ಸಾಮಾನಿನ ನಡುವೆ ಅವನ ಪುಟ್ಟ ಮಗ ಸಲಾಬತ್ ಖಾನ್ ಸಿಕ್ಕ. ವೆಲ್ಲೆಸ್ಲಿ ಆ ಮಗುವನ್ನು ಸಾಕಿ, ಭಾರತ ಬಿಡುವಾಗ ಅದರ ಪಾಲನೆಗೆ ಹಣ ಇಟ್ಟುಹೋದ.

ಗೆದ್ದವರು ಧೋಂಡಿಯನನ್ನು ದರೋಡೆಕೋರನೆಂದು ಬರೆದರು. ಸುಲಿಗೆಯ ಮಾತು ಸುಳ್ಳಲ್ಲ. ಅವನ ಕುದುರೆಗಳು ತುಳಿದ ಹೊಲ ನಮ್ಮ ರೈತರದ್ದೇ. ಆದರೆ ಬರೀ ದರೋಡೆಕೋರನಿಗಾಗಿ ಜಾವಾ ದಂಡಯಾತ್ರೆಯ ಅವಕಾಶವನ್ನು ಯಾರು ಕೈಬಿಡುತ್ತಾರೆ? ರಾಜ್ಯ ಬಿದ್ದ ಮೇಲೆ ಸಂಬಳವೂ ಮಾನವೂ ಇಲ್ಲದೆ ಉಳಿದ ಸಿಪಾಯಿಗಳಿಗೆ ಅವನು ಕುದುರೆ ಕೊಟ್ಟ, ಕತ್ತಿ ಕೊಟ್ಟ. ಅವನನ್ನು ಅಳೆಯುವಾಗ ಆ ರೈತರನ್ನೂ ಈ ಸಿಪಾಯಿಗಳನ್ನೂ ಒಟ್ಟಿಗೆ ನೆನೆಯಬೇಕು ಎಂಬುದು ನನ್ನ ಅಭಿಪ್ರಾಯ.