ಯಾಳ್ಪಾಣದ ರೇವಿಗೆ ಬಂದ ಬರಿಗಾಲಿನ ಗುರು: ಸಂತ ಜೋಸೆಫ್ ವಾಜ್

ಸಿಂಹಳ ದ್ವೀಪದ ಉತ್ತರ ತುದಿಯಲ್ಲಿ, ತಮಿಳುನಾಡಿನ ಕರಾವಳಿಗೆ ಎದುರಾಗಿ, ತಾಳೆಮರಗಳ ನಡುವೆ ಯಾಳ್ಪಾಣವೆಂಬ ಪುರಾತನ ರೇವುಪಟ್ಟಣವಿದೆ. ಆಂಗ್ಲರು ಅದನ್ನು ಜಾಫ್ನಾ ಎಂದು ಕರೆದರು. ಆಳವಿಲ್ಲದ ಹಿನ್ನೀರಿನ ದಡದಲ್ಲಿ, ಐದು ಮೂಲೆಗಳ ನಕ್ಷತ್ರಾಕೃತಿಯ ಕೋಟೆಯೊಂದು ಇಂದಿಗೂ ಅಲ್ಲಿ ನಿಂತಿದೆ. ಇತ್ತೀಚಿನ ಅಂತರ್ಯುದ್ಧದಲ್ಲಿ ಗುಂಡಿನ ಪೆಟ್ಟು ತಿಂದು, ಅನಂತರ ದುರಸ್ತಿಗೊಂಡ ಆ ಗೋಡೆಗಳನ್ನು ನೋಡಲು ಹೋಗುವ ಪ್ರವಾಸಿಗರು ಅದನ್ನು ಕಟ್ಟಿದ ಡಚ್ಚರ ಹೆಸರನ್ನು ಕೇಳುತ್ತಾರೆ, ಅವರಿಗಿಂತ ಮೊದಲು ಅಲ್ಲಿದ್ದ ಪೋರ್ಚುಗೀಸರ ಹೆಸರನ್ನೂ ಕೇಳುತ್ತಾರೆ. ಆದರೆ 1687ನೇ ಇಸವಿಯಲ್ಲಿ ಆ ಪಟ್ಟಣಕ್ಕೆ ಕೂಲಿಯಾಳಿನ ವೇಷದಲ್ಲಿ, ರೋಗದಿಂದ ನಡುಗುತ್ತ ಬಂದಿಳಿದ ಗೋವೆಯ ಗುರುವೊಬ್ಬರಿದ್ದರು. ನಮ್ಮ ಕನ್ನಡ ಕರಾವಳಿಯ ಇಗರ್ಜಿಗಳಿಗೂ ಸೇವೆ ಸಲ್ಲಿಸಿದ್ದ ಅವರ ಚರಿತೆಯನ್ನು ಈ ಶತಮಾನೋತ್ಸವ ಸಂಚಿಕೆಯಲ್ಲಿ ನೆನೆಯುವುದು ಉಚಿತವೆಂದು ಭಾವಿಸುತ್ತೇನೆ.

ಅವರು ಬಂದ ಕಾಲದ ಯಾಳ್ಪಾಣ ಎಂಥದಾಗಿತ್ತೆಂಬುದನ್ನು ಮೊದಲು ತಿಳಿಯಬೇಕು. ಆನೆಗಳ ವ್ಯಾಪಾರದಿಂದಲೂ, ಸಮೀಪದ ಮನ್ನಾರಿನ ಮುತ್ತು ಶಂಖಗಳಿಂದಲೂ ಹೆಸರಾಗಿದ್ದ ಆ ತಮಿಳು ರಾಜ್ಯದ ಮೇಲೆ ಪೋರ್ಚುಗೀಸರ ಕಣ್ಣು ಬಿದ್ದುದು ಹದಿನಾರನೆಯ ಶತಮಾನದಲ್ಲಿ. 1560ರಲ್ಲಿ ಅವರ ನೌಕಾಪಡೆ ಮೊದಲು ದಂಡೆತ್ತಿ ಬಂದಿತು. 1591ರಲ್ಲಿ ಎರಡನೆಯ ದಾಳಿ ನಡೆಯಿತು. 1619ರಲ್ಲಿ ಫಿಲಿಪೆ ದ ಒಲಿವೇರನು ರಾಜ್ಯವನ್ನೇ ವಶಪಡಿಸಿಕೊಂಡನು. ಕೊನೆಯ ಅರಸನಾದ ಸಂಗಿಲಿಯನ್ನು ಸೆರೆಹಿಡಿದು ಗೋವೆಗೆ ಒಯ್ದು ಕೊಲ್ಲಲಾಯಿತು. ನಲ್ಲೂರಿನ ಪ್ರಸಿದ್ಧ ಸ್ಕಂದ ದೇವಾಲಯವನ್ನು ಕೆಡವಲಾಯಿತು. ಕ್ರೈಸ್ತರಾದ ನಾವು ಈ ಸಂಗತಿಯನ್ನು ಮರೆಮಾಚುವುದು ಸರಿಯಲ್ಲ. ಅಲ್ಲಿ ಶಿಲುಬೆ ತೋಪಿನ ನೆರಳಿನಲ್ಲಿಯೇ ಊರೊಳಗೆ ಬಂದಿತು. ಮುಂದೆ ಅದೇ ತೋಪಿನಿಂದಲೇ ಅದಕ್ಕೆ ಸಂಕಟವೂ ಒದಗಿತು.

ಕ್ಯಾಂಡಿಯ ಅರಸನಾದ ಎರಡನೆಯ ರಾಜಸಿಂಹನು ಪೋರ್ಚುಗೀಸರನ್ನು ಓಡಿಸಲು 1638ರಲ್ಲಿ ಡಚ್ಚರೊಡನೆ ಒಪ್ಪಂದ ಮಾಡಿಕೊಂಡನು. 1656ರಲ್ಲಿ ಕೊಲಂಬೊ ಡಚ್ಚರ ಕೈಸೇರಿತು. 1658ರಲ್ಲಿ ಕೆಲವು ತಿಂಗಳ ಮುತ್ತಿಗೆಯ ನಂತರ, ಅನ್ನ ನೀರಿಲ್ಲದೆ ಬಳಲಿದ ಯಾಳ್ಪಾಣದ ಕೋಟೆಯೂ ಬಾಗಿಲು ತೆರೆಯಿತು. ಕರಾವಳಿ ಮಾತ್ರ ಅರಸನಿಗೆ ಮರಳಿ ಬರಲಿಲ್ಲ, ಧಣಿಗಳು ಬದಲಾದರು ಅಷ್ಟೆ. ಹೊಸ ಧಣಿಗಳು ಕ್ರೈಸ್ತರೇ ಆಗಿದ್ದರೂ ಕಥೋಲಿಕರಾಗಿರಲಿಲ್ಲ. ಕಥೋಲಿಕ ಗುರುವೆಂದರೆ ಪೋರ್ಚುಗೀಸರ ಗೂಢಚಾರನೆಂದೇ ಅವರ ಎಣಿಕೆ. ಗುರುಗಳನ್ನು ದ್ವೀಪದಿಂದ ಹೊರಹಾಕಿದರು, ದೇವಾಲಯಗಳನ್ನು ತಮ್ಮ ಮತದ ಆರಾಧನೆಗೆ ತೆಗೆದುಕೊಂಡರು, ಕಥೋಲಿಕ ಗುರುವಿಗೆ ಮನೆಯಲ್ಲಿ ಆಶ್ರಯ ಕೊಟ್ಟವರಿಗೆ ಮರಣದಂಡನೆಯೆಂದು ಸಾರಿದರು. ಮದುವೆಯ ನೋಂದಣಿ, ಆಸ್ತಿಯ ಹಕ್ಕು, ಸರ್ಕಾರಿ ಉದ್ಯೋಗ, ಇವೆಲ್ಲಕ್ಕೂ ಡಚ್ ಚರ್ಚಿನ ಜ್ಞಾನಸ್ನಾನವೇ ಆಧಾರವಾಯಿತು. ಭಾನುವಾರ ಜನರು ಡಚ್ ಬೋಧಕನ ಮುಂದೆ ಕುಳಿತು ಹಾಜರಿ ಹಾಕಿಸಿಕೊಳ್ಳುತ್ತಿದ್ದರು, ಮನೆಗೆ ಬಂದು ಕದವಿಕ್ಕಿ ಜಪಮಾಲೆ ಹಿಡಿಯುತ್ತಿದ್ದರು. ಹೀಗೆ ಇಪ್ಪತ್ತೊಂಬತ್ತು ವರ್ಷಗಳು ಉರುಳಿದವು. ಪಾಪನಿವೇದನೆಯಿಲ್ಲದೆ, ಪರಮಪ್ರಸಾದವಿಲ್ಲದೆ, ಗುರುವಿನ ಮುಖವನ್ನೇ ಕಾಣದೆ ಒಂದು ತಲೆಮಾರು ಬೆಳೆದು ದೊಡ್ಡದಾಯಿತು.

ಜೋಸೆಫ್ ವಾಜ್ ಅವರು 1651ನೇ ಏಪ್ರಿಲ್ 21ರಂದು ಗೋವೆಯ ಸಾಲ್ಸೆಟಿನ ಬೆಣಾವಲಿಯಲ್ಲಿ, ತಾಯಿಯ ತವರಿನಲ್ಲಿ ಜನಿಸಿದರು. ತಂದೆ ಸಾಂಕವಾಳದ ಕ್ರಿಸ್ತೊವಾಂವ್ ವಾಜ್, ತಾಯಿ ಮರಿಯಾ ದ ಮಿರಾಂದ. ಮನೆಮಾತು ಕೊಂಕಣಿ. ಗೋವೆಯ ಸಂತ ಪೌಲರ ಕಾಲೇಜಿನಲ್ಲಿಯೂ ದೊಮಿನಿಕನ್ನರ ವಿದ್ಯಾಲಯದಲ್ಲಿಯೂ ವ್ಯಾಸಂಗ ಮುಗಿಸಿ 1676ರಲ್ಲಿ ಗುರುದೀಕ್ಷೆ ಪಡೆದರು. ಬಡವರಂತೆ ಬರಿಗಾಲಿನಲ್ಲಿ ನಡೆಯುವುದನ್ನು ಅವರು ಆಗಲೇ ವ್ರತದಂತೆ ಹಿಡಿದರು. ಮರುವರ್ಷ ಆಗಸ್ಟ್ 5ರಂದು ತಮ್ಮನ್ನು ಮರಿಯಮ್ಮನವರ ಗುಲಾಮನೆಂದು ಬರೆದುಕೊಟ್ಟು ಆ ಮಾತೆಗೆ ಸಮರ್ಪಿಸಿಕೊಂಡರು. ಸಿಂಹಳದ ಅನಾಥ ಕ್ರೈಸ್ತರ ಸುದ್ದಿ ಕಿವಿಗೆ ಬಿದ್ದಾಗ ಅಲ್ಲಿಗೆ ಹೋಗಲು ಅನುಮತಿ ಬೇಡಿದರು. ಆದರೆ ಗೋವೆಯ ಧರ್ಮಾಧಿಕಾರಿಗಳು 1681ರಲ್ಲಿ ಅವರನ್ನು ಕಳುಹಿಸಿದುದು ಕನ್ನಡ ಜಿಲ್ಲೆಗೆ.

ಈ ತಿರುವನ್ನು ನಾನು ದೈವಸಂಕಲ್ಪವೆಂದೇ ಎಣಿಸುತ್ತೇನೆ. ಏಕೆಂದರೆ ಸಿಂಹಳದಲ್ಲಿ ಬೇಕಾಗಿದ್ದ ಪಾಠವನ್ನು ಅವರು ಕಲಿತದ್ದು ನಮ್ಮ ಕರಾವಳಿಯಲ್ಲಿ. ಇಲ್ಲಿಯೂ ಪೋರ್ಚುಗೀಸರ ಕೋಟೆಗಳು ಉರುಳಿದ್ದವು. ಕೆಳದಿಯ ಶಿವಪ್ಪನಾಯಕನು 1650ರ ದಶಕದಲ್ಲಿ ಹೊನ್ನಾವರ, ಗಂಗೊಳ್ಳಿ, ಬಸ್ರೂರುಗಳಿಂದ ಅವರನ್ನು ತೆರವು ಮಾಡಿಸಿದ್ದನು. ವಾಜ್ ಅವರು ಬಂದಾಗ ಆಳುತ್ತಿದ್ದವಳು ಕೆಳದಿಯ ಚೆನ್ನಮ್ಮಾಜಿ. ಇಲ್ಲಿನ ಕ್ರೈಸ್ತರು ವೀರಶೈವ ಅರಸು ಮನೆತನದ ಅನುಮತಿಯಿಂದ ದೇವಾಲಯಗಳನ್ನು ಕಟ್ಟಿಕೊಂಡು, ಯಾವ ತೋಪಿನ ಬೆಂಬಲವೂ ಇಲ್ಲದೆ ಬದುಕುತ್ತಿದ್ದರು. ಅವರನ್ನು ಒಡೆದದ್ದು ಹೊರಗಿನವರಲ್ಲ. ಪೋರ್ಚುಗಲ್ ದೊರೆಯ ಹಕ್ಕಿಗೆ ಸೇರಿದ ಗುರುಗಳು ಒಂದು ಕಡೆ, ರೋಮಿನಿಂದ ನೇರವಾಗಿ ನೇಮಕಗೊಂಡ ಧರ್ಮಾಧ್ಯಕ್ಷ ತೋಮಸ್ ದ ಕಾಸ್ತ್ರೊ ಅವರು ಇನ್ನೊಂದು ಕಡೆ. ಯಾರ ಕೈಯಿಂದ ಸಂಸ್ಕಾರ ಪಡೆದರೆ ಸಲ್ಲುತ್ತದೆಂಬ ಗೊಂದಲದಲ್ಲಿ ಭಕ್ತಾದಿಗಳು ಬೆಂದುಹೋಗಿದ್ದರು. ತಾವು ಗೋವೆಯ ಪಕ್ಷದಿಂದ ಬಂದವರಾಗಿದ್ದರೂ ವಾಜ್ ಅವರು ಧರ್ಮಾಧ್ಯಕ್ಷರನ್ನು ಗೌರವದಿಂದ ಕಂಡು ಜಗಳವನ್ನು ತಣಿಸಲು ಶ್ರಮಿಸಿದರು. ಬಸ್ರೂರು, ಗಂಗೊಳ್ಳಿ, ಕಲ್ಯಾಣಪುರಗಳ ಪರಿಸರದಲ್ಲಿ ಕಾಲ್ನಡಿಗೆಯಿಂದ ಸಂಚರಿಸಿ ಮುರಿದ ಗುಡಿಗಳನ್ನು ಎತ್ತಿ ನಿಲ್ಲಿಸಿದರು, ಶಾಲೆಗಳನ್ನು ತೆರೆದರು, ಗುಲಾಮಗಿರಿಯಲ್ಲಿದ್ದವರನ್ನು ಬಿಡಿಸಿದರು. ಗಂಗೊಳ್ಳಿಯಲ್ಲಿ ಪ್ರಾರ್ಥನೆಯ ವೇಳೆ ಅವರು ನೆಲಬಿಟ್ಟು ಮೇಲೆದ್ದುದನ್ನು ಕಂಡವರಿದ್ದರೆಂದು ಜನಶ್ರುತಿ. ಮುಡಿಪು ಗುಡ್ಡದ ಬುಗ್ಗೆಯೂ ಅವರ ಹೆಸರಿನೊಡನೆ ಸೇರಿಕೊಂಡಿದೆ.

1684ರಲ್ಲಿ ಗೋವೆಗೆ ಮರಳಿದರು. ಭಾರತೀಯ ಗುರುಗಳಿಗೆ ಐರೋಪ್ಯ ಸನ್ಯಾಸಿ ಸಭೆಗಳ ಬಾಗಿಲು ಬಹುಮಟ್ಟಿಗೆ ಮುಚ್ಚಿದ್ದ ಕಾಲ ಅದು. ಕೆಲವರು ದೇಶೀಯ ಗುರುಗಳು ಹಳೆಯ ಗೋವೆಯ ಪವಾಡದ ಶಿಲುಬೆಯ ದೇವಾಲಯದಲ್ಲಿ ಒಟ್ಟಾಗಿ ಬಾಳತೊಡಗಿದ್ದರು. ವಾಜ್ ಅವರು 1685ರಲ್ಲಿ ಅವರನ್ನು ಸೇರಿ, ಹಿರಿಯರಾಗಿ ಆಯ್ಕೆಯಾಗಿ, ಸಂತ ಫಿಲಿಪ್ ನೇರಿಯವರ ಕ್ರಮದಲ್ಲಿ ಒರಟೋರಿಯನ್ ಸಭೆಯನ್ನು ಕಟ್ಟಿದರು. ಸಭೆ ನೆಲೆಯೂರುತ್ತಿದ್ದಂತೆಯೇ ಹಿರಿತನವನ್ನು ಬಿಟ್ಟುಕೊಟ್ಟು 1686ರಲ್ಲಿ ದಕ್ಷಿಣಕ್ಕೆ ಹೊರಟರು. ಜೊತೆಗಿದ್ದವನು ಜುವಾಂವ್ ಎಂಬ ನಂಬಿಗಸ್ಥ ಸೇವಕ. ಕರಾವಳಿಯುದ್ದಕ್ಕೂ ಸಾಗಿ ತೂತುಕುಡಿ ಮುಟ್ಟಿದರು. ಅದೂ ಡಚ್ಚರದೇ ರೇವು. ಅಲ್ಲಿ ಗುರುವಸ್ತ್ರವನ್ನು ಕಳಚಿ, ಕೂಲಿಯವನ ತುಂಡುಬಟ್ಟೆ ಸುತ್ತಿಕೊಂಡು, ಬಲಿಪೂಜೆಯ ಪರಿಕರಗಳನ್ನು ಗಂಟಿನಲ್ಲಿ ಅಡಗಿಸಿಕೊಂಡು 1687ರಲ್ಲಿ ಹಡಗು ಹತ್ತಿದರು. ಐರೋಪ್ಯ ಗುರುವೊಬ್ಬನು ಈ ಸಾಹಸಕ್ಕೆ ಇಳಿದಿದ್ದರೆ ರೇವಿನಲ್ಲಿಯೇ ಸಿಕ್ಕಿಬೀಳುತ್ತಿದ್ದನು. ಯಾವ ಮೈಬಣ್ಣದ ಕಾರಣದಿಂದ ದೇಶೀಯ ಗುರುಗಳನ್ನು ಕೀಳಾಗಿ ಕಂಡಿದ್ದರೋ, ಆ ಮೈಬಣ್ಣವೇ ಇಲ್ಲಿ ಅವರಿಗೆ ರಹದಾರಿಯಾಯಿತು.

ದಾರಿಯಲ್ಲಿ ಬಿರುಗಾಳಿ ಹೊಡೆಯಿತು. ಪ್ರಯಾಣ ದಿನದಿಂದ ದಿನಕ್ಕೆ ಲಂಬಿಸಿತು. ಕುಡಿಯಲು ನೀರಿಲ್ಲ, ತಿನ್ನಲು ಅನ್ನವಿಲ್ಲ. ಯಾಳ್ಪಾಣ ತಲಪುವ ಹೊತ್ತಿಗೆ ವಾಜ್ ಅವರಿಗೆ ರಕ್ತಭೇದಿ ಹತ್ತಿತ್ತು. ಊರಿನಲ್ಲಿ ಗುರುತಿನವರಿಲ್ಲ, ಗುರುವೆಂದು ಹೇಳಿಕೊಳ್ಳುವಂತಿಲ್ಲ. ಅಂಟುರೋಗವೆಂದು ಹೆದರಿದ ಜನ ಅವರನ್ನು ಊರ ಹೊರಗೆ ತಳ್ಳಿದರು. ಬಯಲಿನಲ್ಲಿ ಸಾವಿಗಾಗಿ ಕಾದು ಮಲಗಿದ್ದ ಅವರಿಗೆ ಬಡ ಹೆಂಗಸೊಬ್ಬಳು ಪ್ರತಿದಿನ ಗಂಜಿ ತಂದು ಕುಡಿಸಿ ಬದುಕಿಸಿದಳೆಂದು ಅವರ ಚರಿತ್ರಕಾರರು ಬರೆಯುತ್ತಾರೆ. ಇಪ್ಪತ್ತೊಂಬತ್ತು ವರ್ಷಗಳ ನಂತರ ಯಾಳ್ಪಾಣಕ್ಕೆ ಬಂದ ಮೊದಲ ಗುರುವನ್ನು ಸ್ವಾಗತಿಸಿದುದು ಆ ಗಂಜಿಯ ಕುಡಿಕೆಯೊಂದೇ.

ಎದ್ದು ನಡೆಯುವಷ್ಟು ತ್ರಾಣ ಬಂದೊಡನೆ ಕೊರಳಿಗೆ ಜಪಮಾಲೆ ಹಾಕಿಕೊಂಡು ಮನೆಮನೆಗೆ ಭಿಕ್ಷೆಗೆ ಹೊರಟರು. ಈ ಉಪಾಯ ಬಹಳ ಸರಳವಾದದ್ದು, ಅಷ್ಟೇ ಅಪಾಯದ್ದು. ಕಾಣುವಂತೆ ತೊಟ್ಟ ಜಪಮಾಲೆಯನ್ನು ನೋಡಿ ಕೆಲವರು ಮುಖ ತಿರುಗಿಸಿದರು, ಕೆಲವರು ಬಾಗಿಲು ಹಾಕಿಕೊಂಡರು. ಯಾರ ಕಣ್ಣು ಆ ಮಣಿಗಳ ಮೇಲೆ ಒಂದು ಗಳಿಗೆ ನಿಂತಿತೋ, ಯಾರ ಕೈ ಪಿಡಿ ಅಕ್ಕಿ ಹೆಚ್ಚು ಹಾಕಿತೋ, ಅಂಥ ಮನೆಯನ್ನು ಅವರು ನೆನಪಿನಲ್ಲಿಟ್ಟುಕೊಂಡರು. ಮತ್ತೆ ಮತ್ತೆ ಅಲ್ಲಿಗೆ ಹೋಗಿ, ಮಾತಿಗೆ ಮಾತು ಬೆಳೆಸಿ, ನಂಬಿಕೆ ಹುಟ್ಟಿದ ಮೇಲೆ ಒಬ್ಬ ಗೃಹಸ್ಥನ ಮುಂದೆ ತಾವು ಗುರುವೆಂದು ತಿಳಿಸಿದರು. ಆ ರಾತ್ರಿಯೇ ಸುದ್ದಿ ಪಿಸುಮಾತಿನಲ್ಲಿ ಹರಡಿತು.

ಪಟ್ಟಣದಲ್ಲಿ ಕಣ್ಗಾವಲು ಹೆಚ್ಚಾಗಿದ್ದುದರಿಂದ ಅವರನ್ನು ಹೊರಗಿನ ಸಿಲ್ಲಾಲೈ ಗ್ರಾಮಕ್ಕೆ ಕರೆದೊಯ್ದರು. ವಿಶ್ವಾಸದಲ್ಲಿ ಗಟ್ಟಿಯಾಗಿದ್ದ ಆ ಊರೇ ಅವರ ನೆಲೆಯಾಯಿತು. ಹಗಲೆಲ್ಲ ಮರೆಯಲ್ಲಿದ್ದು ಕತ್ತಲಾದ ಮೇಲೆ ಹೊರಡುವರು. ಮಧ್ಯರಾತ್ರಿಯಲ್ಲಿ ಯಾವುದಾದರೊಂದು ಮನೆಯ ಒಳಕೋಣೆಯಲ್ಲಿ ಪಾಪನಿವೇದನೆ ಕೇಳುವರು, ಬೆಳಕು ಹರಿಯುವುದರೊಳಗೆ ಬಲಿಪೂಜೆ ಮುಗಿಸಿ ಮಾಯವಾಗುವರು. ಮುದುಕರು ಮೂವತ್ತು ವರ್ಷಗಳ ಪಾಪಭಾರವನ್ನು ಇಳಿಸಿ ಅತ್ತರು. ಮೊಮ್ಮಕ್ಕಳನ್ನು ಕಂಡ ದಂಪತಿಗಳ ವಿವಾಹಗಳು ಆಶೀರ್ವಾದ ಪಡೆದವು. ವಾಜ್ ಅವರು ತಮಿಳನ್ನು ಕಲಿತರು, ಮುಂದೆ ಸಿಂಹಳ ಭಾಷೆಯನ್ನೂ ಕಲಿತರು. ಜನರ ಭಾಷೆಯಲ್ಲಿ ಪ್ರಾರ್ಥನೆ ಕಲಿಸಿದರು. ಗುರುವಿಲ್ಲದ ದಿನಗಳಲ್ಲಿ ಜನರನ್ನು ಕೂಡಿಸಿ ಜಪ ನಡೆಸಲು ಊರಿನ ಹಿರಿಯರನ್ನೇ ಮುಪ್ಪರೆಂದು ನೇಮಿಸಿದರು.

ಇದೆಲ್ಲ ಬಹುಕಾಲ ಗುಟ್ಟಾಗಿ ಉಳಿಯುವುದು ಸಾಧ್ಯವಿರಲಿಲ್ಲ. 1689ರ ಕ್ರಿಸ್ತಜಯಂತಿಯ ರಾತ್ರಿ, ಪೂಜೆಗೆ ನೆರೆದಿದ್ದ ಯಾಳ್ಪಾಣದ ಕಥೋಲಿಕರ ಮೇಲೆ ಡಚ್ಚರ ಸಿಪಾಯಿಗಳು ಬಿದ್ದರು. ಗುರು ಕೈಗೆ ಸಿಗಲಿಲ್ಲ, ಭಕ್ತರು ಸಿಕ್ಕಿಬಿದ್ದರು. ಮುಖ್ಯರೆನಿಸಿದವರನ್ನು ನಿರ್ದಯವಾಗಿ ಹೊಡೆದು ಕಠಿಣ ದುಡಿಮೆಗೆ ನೂಕಿದರು. ಪೆಟ್ಟಿನಿಂದ ಪ್ರಾಣಬಿಟ್ಟವರೂ ಉಂಟೆಂದು ಚರಿತ್ರಕಾರರು ಹೇಳುತ್ತಾರೆ. ಸಂತರ ಚರಿತೆಗಳಲ್ಲಿ ನಾವು ಸಾಮಾನ್ಯವಾಗಿ ಅವರ ಪಾರಾಗುವಿಕೆಯನ್ನು ಮಾತ್ರ ಹಾಡಿ ಹೊಗಳುತ್ತೇವೆ. ಆ ರಾತ್ರಿ ಕದ ತೆರೆದುಕೊಟ್ಟವರ ಬೆನ್ನಿನ ಬಾಸುಂಡೆಗಳನ್ನೂ ಅಲ್ಲಿ ಬರೆಯಬೇಕು. ತಾವು ಇದ್ದಷ್ಟು ದಿನವೂ ಈ ಜನಕ್ಕೆ ಮರಣಭಯ ತಪ್ಪದೆಂಬ ಭಾರ ಆ ಮೃದುಹೃದಯದ ಗುರುವಿನ ಮೇಲೆ ಎಷ್ಟಿದ್ದಿರಬೇಕು! 1690ರಲ್ಲಿ ಅವರು ಡಚ್ಚರ ಎಲ್ಲೆಯನ್ನು ದಾಟಿ, ಕ್ಯಾಂಡಿ ರಾಜ್ಯಕ್ಕೆ ಸೇರಿದ ಪುತ್ತಳಂಗೆ ಹೋದರು.

1692ರಲ್ಲಿ ರಾಜಧಾನಿಯಾದ ಕ್ಯಾಂಡಿಯನ್ನು ಪ್ರವೇಶಿಸಿದರು. ಅಲ್ಲಿ ಫ್ರೆಂಚ್ ಪ್ರೊಟೆಸ್ಟಂಟನೊಬ್ಬನು ಇವರು ಪೋರ್ಚುಗೀಸರ ಗೂಢಚಾರರೆಂದು ಚಾಡಿ ಹೇಳಿದುದರಿಂದ ಸೆರೆಯಲ್ಲಿಟ್ಟರು. ಕಾವಲಿನ ಅಂಗಳದಲ್ಲಿಯೇ ಗುಡಿಸಲಿನಂಥ ಗುಡಿ ಕಟ್ಟಿಕೊಂಡು ಅವರು ಪೂಜೆ ಸಲ್ಲಿಸಿದರು. ಬರಗಾಲದಲ್ಲಿ ಅರಸನ ಕೋರಿಕೆಯಂತೆ ಅವರು ಪ್ರಾರ್ಥಿಸಿದಾಗ ಮಳೆ ಸುರಿಯಿತೆಂಬುದೂ, ಅವರು ನಿಂತ ಜಾಗ ಮಾತ್ರ ನೆನೆಯಲಿಲ್ಲವೆಂಬುದೂ ಪ್ರಸಿದ್ಧ ಕಥೆ. ಬೌದ್ಧ ಅರಸನಾದ ಎರಡನೆಯ ವಿಮಲಧರ್ಮಸೂರ್ಯನು ಅವರಿಗೆ ರಾಜ್ಯದಲ್ಲೆಲ್ಲ ಸಂಚರಿಸುವ ಸ್ವಾತಂತ್ರ್ಯ ಕೊಟ್ಟನು. ಕ್ರೈಸ್ತ ಸರ್ಕಾರವು ಬೇಟೆಯಾಡಿದ ಗುರುವಿಗೆ ಬೌದ್ಧ ದೊರೆ ನೆರಳಾದನು. ಕೆಳದಿಯ ನಾಡನ್ನು ಕಂಡಿದ್ದ ವಾಜ್ ಅವರಿಗೆ ಇದು ತೀರ ಹೊಸದೆನಿಸಿರಲಾರದು. 1697ರಲ್ಲಿ ಸಿಡುಬು ಹಬ್ಬಿ ಜನರು ತಮ್ಮವರನ್ನೇ ಕಾಡಿನಲ್ಲಿ ಬಿಟ್ಟು ಓಡಿದಾಗ, ಗೋವೆಯಿಂದ ಬಂದಿದ್ದ ತಮ್ಮ ಸೋದರಳಿಯ ಜೋಸೆಫ್ ಕಾರ್ವಾಲೊ ಗುರುಗಳೊಡನೆ ಜಾತಿ ಮತ ನೋಡದೆ ರೋಗಿಗಳ ಹುಣ್ಣು ತೊಳೆದರು, ಗಂಜಿ ಕುಡಿಸಿದರು, ಸತ್ತವರನ್ನು ಹೂಳಿದರು. ಯಾಳ್ಪಾಣದ ಬಯಲಿನಲ್ಲಿ ತಾವು ಉಂಡ ಗಂಜಿಯ ಋಣವನ್ನು ಅವರು ತೀರಿಸಿದರೆಂದೇ ನನಗೆ ತೋರುತ್ತದೆ.

ಆಮೇಲೆಯೂ ವೇಷ ಬದಲಿಸಿಕೊಂಡು ಡಚ್ಚರ ಕರಾವಳಿಗೆ ಇಳಿಯುವುದನ್ನು ಅವರು ಬಿಡಲಿಲ್ಲ. ಧರ್ಮಾಧ್ಯಕ್ಷ ಪದವಿಯ ಪ್ರಸ್ತಾಪ ಬಂದಾಗ ವಿನಯದಿಂದ ನಿರಾಕರಿಸಿದರು. ಸಿಂಹಳ ಮತ್ತು ತಮಿಳಿನಲ್ಲಿ ಕ್ರೈಸ್ತ ಸಾಹಿತ್ಯ ಸೃಷ್ಟಿಸಿದ ಜಾಕೊಮೆ ಗೊನ್ಸಾಲ್ವೆಸ್ ಗುರುಗಳು 1705ರಲ್ಲಿ ಬಂದು ಅವರನ್ನು ಕೂಡಿಕೊಂಡರು. 1711ನೇ ಜನವರಿ 16ರಂದು ಕ್ಯಾಂಡಿಯಲ್ಲಿ ವಾಜ್ ಅವರು ಪ್ರಭುಪಾದವನ್ನು ಸೇರಿದರು. ಆಗ ಅವರಿಗೆ ಅರವತ್ತು ತುಂಬಿರಲಿಲ್ಲ. ಅವರು ಬಂದಿಳಿದಾಗ ಒಬ್ಬ ಗುರುವೂ ಇಲ್ಲದಿದ್ದ ದ್ವೀಪದಲ್ಲಿ ಆ ಹೊತ್ತಿಗೆ ಸುಮಾರು 70,000 ಕಥೋಲಿಕರಿದ್ದರೆಂದು ಚರಿತ್ರಕಾರರ ಲೆಕ್ಕ.

1795ರಲ್ಲಿ ಯಾಳ್ಪಾಣದ ಕೋಟೆ ಬ್ರಿಟಿಷರ ವಶವಾಯಿತು. 1806ರಲ್ಲಿ ಕಥೋಲಿಕರ ಮೇಲಿನ ಹಳೆಯ ನಿರ್ಬಂಧಗಳು ರದ್ದಾದವು. ಜಗದ್ಗುರು ಎರಡನೆಯ ಜಾನ್ ಪೌಲರು 1995ನೇ ಜನವರಿ 21ರಂದು ಕೊಲಂಬೊದಲ್ಲಿ ವಾಜ್ ಅವರನ್ನು ಪುನೀತರೆಂದೂ, ಜಗದ್ಗುರು ಫ್ರಾನ್ಸಿಸರು ಅದೇ ನಗರದಲ್ಲಿ 2015ನೇ ಜನವರಿ 14ರಂದು ಸಂತರೆಂದೂ ಘೋಷಿಸಿದರು. ಎರಡನೆಯ ಸಮಾರಂಭ ನಡೆದ ದಿನವೇ ಜಗದ್ಗುರುಗಳು ಉತ್ತರದ ಮಡು ಮಾತೆಯ ಪುಣ್ಯಕ್ಷೇತ್ರಕ್ಕೂ ಹೋದರು. ಯುದ್ಧದಲ್ಲಿ ಮಕ್ಕಳನ್ನು ಕಳೆದುಕೊಂಡ ತಮಿಳರೂ ಸಿಂಹಳರೂ ಅಲ್ಲಿ ಒಟ್ಟಾಗಿ ಸೇರಿದ್ದರು. ಸಂತರ ದೇಹವನ್ನು ಇಟ್ಟಿದ್ದ ಕ್ಯಾಂಡಿಯ ದೇವಾಲಯ ಮಾತ್ರ ಹದಿನೆಂಟನೆಯ ಶತಮಾನದಲ್ಲಿಯೇ ನಾಶವಾಯಿತು. ಆ ಸಮಾಧಿಯ ಸ್ಥಳವನ್ನು ತೋರಿಸಬಲ್ಲವರು ಇಂದು ಯಾರೂ ಇಲ್ಲ. ಅವರನ್ನು ನೆನೆಯಲು ಹೋಗುವ ಯಾತ್ರಿಕರು ಸಿಲ್ಲಾಲೈಗೆ ಹೋಗಬೇಕು, ಇಲ್ಲವೆ ನಮ್ಮ ಮುಡಿಪು ಗುಡ್ಡವನ್ನು ಹತ್ತಬೇಕು.