ಲಕ್ಷ್ಮಣರಾವ್ ಕಿರ್ಲೋಸ್ಕರ್: ಬೆಳಗಾವಿಯ ವರ್ಷಗಳು



ಹಳೆಯ ಗಡಿಯಾರ ಕೂಡಿಡುವವರು ಡಯಲ್ ಮೇಲಿನ ಹೆಸರು ಓದಿ ತೃಪ್ತರಾಗುತ್ತಾರೆ. ಅದನ್ನು ಮಾಡಿದವರ ಮೊದಲ ದಿನಗಳು ಗೊತ್ತಿರುವುದಿಲ್ಲ. ಹಳೆಯ ಕಬ್ಬಿಣದ ನೇಗಿಲು ಕಾಯ್ದಿಟ್ಟ ನಾಗಣಸೂರಿನ ನಾವೂ ಕಿರ್ಲೋಸ್ಕರವಾಡಿ ಎಂದಷ್ಟೇ ಹೇಳುತ್ತೇವೆ. ಅದಕ್ಕೂ ಮುಂಚಿನದು ಕನ್ನಡ ನೆಲದ ಕಥೆ.

ಲಕ್ಷ್ಮಣರಾವ್ ಹುಟ್ಟಿದ್ದು 1869ರ ಜೂನ್ 20ರಂದು, ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಚಿತ್ರಕಲೆಗೆಂದು ಮುಂಬಯಿಗೆ ಹೋದವರು ಬಣ್ಣ ಸರಿಯಾಗಿ ಗುರುತಿಸಲಾಗದೆ ಯಂತ್ರಗಳ ನಕ್ಷೆಯತ್ತ ಹೊರಳಿದರು, ವಿಕ್ಟೋರಿಯಾ ಜುಬಿಲಿ ಸಂಸ್ಥೆಯಲ್ಲಿ ಶಿಕ್ಷಕರಾದರು. ಅಲ್ಲಿಂದಲೇ ಸೈಕಲ್ ಕೊಂಡು ಬೆಳಗಾವಿಯ ಅಣ್ಣನಿಗೆ ಕಳಿಸುತ್ತಿದ್ದರು. ಬಡ್ತಿ ತಪ್ಪಿದಾಗ ನೌಕರಿ ಬಿಟ್ಟು ಊರಕಡೆ ಬಂದರು. (ಗುಮಾಸ್ತನಾಗಿದ್ದ ನನಗೆ ಆ ಧೈರ್ಯದ ಬೆಲೆ ಗೊತ್ತು.)

ಬೆಳಗಾವಿಯಲ್ಲೇ ಮೇವು ಕತ್ತರಿಸುವ ಯಂತ್ರ, ಆಮೇಲೆ ಕಬ್ಬಿಣದ ನೇಗಿಲು ತಯಾರಾದವು. ಕಬ್ಬಿಣ ತಾಗಿದರೆ ಭೂಮಿಗೆ ವಿಷವೇರುತ್ತದೆಂದು ರೈತರು ಹೆದರಿದರು. ಮೊದಲ ನೇಗಿಲು ಮಾರಾಟವಾಗಲು ಎರಡು ವರ್ಷ ಹಿಡಿಯಿತು. ಪುರಸಭೆಗೆ ಜಾಗ ಬಿಟ್ಟುಕೊಡಬೇಕಾದಾಗ ಔಂಧದ ರಾಜರು ಕುಂಡಲ್ ರೋಡ್ ನಿಲ್ದಾಣದ ಹತ್ತಿರ 32 ಎಕರೆ ಬರಡು ಭೂಮಿ ಕೊಟ್ಟರು, ಸಾಲವಾಗಿ 10,000 ರೂಪಾಯಿಯನ್ನೂ. 1910ರಲ್ಲಿ ಕಿರ್ಲೋಸ್ಕರವಾಡಿ ಎದ್ದಿತು. ಮೊದಲ ಮಹಾಯುದ್ಧದಲ್ಲಿ ಕಬ್ಬಿಣ ಸಿಗದೆ ಕೊಲ್ಲಾಪುರ ಮಹಾರಾಜರ ಹಳೆಯ ತೋಪುಗಳನ್ನು ಕರಗಿಸಿದರು. 1956ರ ಸೆಪ್ಟೆಂಬರ್ 26ರಂದು ತೀರಿಕೊಂಡರು.

ಕಂಪನಿಯವರು ತಮ್ಮ ಆರಂಭವನ್ನು 1888ರ ಸೈಕಲ್ ಅಂಗಡಿಯಿಂದಲೇ ಎಣಿಸುತ್ತಾರೆ. ನಮ್ಮವರು ಮಾತ್ರ 1910ರಿಂದ.

ನಿಮ್ಮ ಮನೆಯ ನೇಗಿಲಿನ ಮೇಲೆ ಊರ ಹೆಸರಿನ ಅಚ್ಚಿದ್ದರೆ ಫೋಟೋ ತೆಗೆದು ಸಂಘಕ್ಕೆ ಕಳಿಸಿರಿ.