ಗಿಡಗಳ ಸುದ್ದಿಯನ್ನು ಬರೆದುಕೊಂಡ ಜಗದೀಶಚಂದ್ರ ಬೋಸರು

ಹೊಲದ ಬದುವಿನ ಮುಟ್ಟಿದರೆ ಮುನಿ ಗಿಡವನ್ನು ಅರಿಯದವರು ನಮ್ಮ ವಾಚಕರಲ್ಲಿ ಇರಲಾರರು. ಅದರ ಒಂದು ಎಲೆಯ ತುದಿಯನ್ನು ಚಿವುಟಿದರೆ ದೂರದ ಎಲೆಗಳೂ ಒಂದೊಂದಾಗಿ ಮುದುಡುವವು. ಚಿವುಟಿದ ಸುದ್ದಿಯು ಅವುಗಳಿಗೆ ಹೇಗೆ ಮುಟ್ಟಿತು? ಈ ಪ್ರಶ್ನೆಗಾಗಿ ಆಯುಷ್ಯದ ಬಹುಭಾಗವನ್ನು ಸವೆಸಿದ ಜಗದೀಶಚಂದ್ರ ಬೋಸರ ಚರಿತ್ರೆಯನ್ನು ಈ ಸಾರಿ ಬರೆಯುತ್ತೇವೆ.

ಇವರು 1858ನೆಯ ನವೆಂಬರ 30ರಲ್ಲಿ ಬಂಗಾಳ ಸೀಮೆಯಲ್ಲಿ ಹುಟ್ಟಿದರು. ತಂದೆಯು ಸರಕಾರದ ಅಧಿಕಾರಿಯಾಗಿದ್ದರೂ ಮಗನನ್ನು ಮೊದಲು ಬಂಗಾಳಿ ಶಾಲೆಗೇ ಕಳುಹಿಸಿದನು. ಅಲ್ಲಿ ಹುಡುಗನ ಒಂದು ಮಗ್ಗುಲಲ್ಲಿ ಮನೆಯ ಮುಸಲ್ಮಾನ ಸೇವಕನ ಮಗನೂ ಇನ್ನೊಂದು ಮಗ್ಗುಲಲ್ಲಿ ಬೆಸ್ತನ ಮಗನೂ ಕೂಡ್ರುತ್ತಿದ್ದರು. ಅವರು ಹೇಳಿದ ಪಕ್ಷಿ, ಮೃಗ, ಜಲಜಂತುಗಳ ಕಥೆಗಳಿಂದಲೇ ತಮ್ಮಲ್ಲಿ ಸೃಷ್ಟಿಯನ್ನು ವಿಚಾರಿಸುವ ಆಶೆಯು ಹುಟ್ಟಿತೆಂದು ಬೋಸರು ಮುಂದೆ ನೆನಸಿಕೊಂಡರು. ತಾಯಿಯು ಆ ಹುಡುಗರಿಗೂ ಭೇದವಿಲ್ಲದೆ ಉಣಬಡಿಸುತ್ತಿದ್ದಳು. ಆ ಕಾಲದಲ್ಲಿ ಇದು ಎಷ್ಟು ದೊಡ್ಡ ಸಂಗತಿಯೆಂಬದನ್ನು ನಮ್ಮವರಿಗೆ ವಿವರಿಸಬೇಕಾಗಿಲ್ಲ.

ಕೇಂಬ್ರಿಜ್‌ನಲ್ಲಿ ಓದಿ ಬಂದ ಮೇಲೆ 1885ರಲ್ಲಿ ಕಲ್ಕತ್ತೆಯ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಉಪಾಧ್ಯಾಯರಾದರು. ಯುರೋಪಿಯನರಿಗಿಂತ ಕಡಿಮೆ ಸಂಬಳವನ್ನು ಇವರಿಗೆ ನೇಮಿಸಲಾಯಿತು. ಬೋಸರು ಕೆಲಸವನ್ನು ಬಿಡಲಿಲ್ಲ, ಆ ಸಂಬಳವನ್ನು ಮುಟ್ಟಲೂ ಇಲ್ಲ. ಮೂರು ವರುಷ ಹಾಗೆಯೇ ಪಾಠ ಹೇಳಿದರು. ಕಡೆಗೆ ಸರಕಾರವು ಪೂರ್ಣ ಸಂಬಳವನ್ನು ಬಾಕಿಸಹಿತ ಕೊಟ್ಟಿತು.

ಪ್ರಾಣಿಗಳ ನರಗಳಲ್ಲಿ ಓಡುವಂಥ ವಿದ್ಯುತ್ತಿನ ಅಲೆಯು ಸಾಧಾರಣ ಗಿಡಗಳಲ್ಲಿಯೂ ಏಳುವದೆಂದು ಇವರು 1901ರಲ್ಲಿ ಲಂಡನಿನ ರಾಯಲ್ ಸೊಸೈಟಿಗೆ ತಿಳಿಸಿದರು. ಅಲ್ಲಿಯ ಹೆಸರುಗೊಂಡ ಪಂಡಿತರು ಒಪ್ಪಲಿಲ್ಲ; ಲೇಖನವು ಅಚ್ಚಾಗದೆ ಉಳಿಯಿತು. ಚಿವುಟಿದಾಗ ಕಾಂಡದೊಳಗಿನ ನೀರು ಬರೇ ಕೊಳವೆಯ ನೀರಿನಂತೆ ತಳ್ಳಲ್ಪಡುವದೆಂದು ಹಲವರ ಮತವಾಗಿತ್ತು. ಬೋಸರು ವಾದಕ್ಕೆ ನಿಲ್ಲದೆ ಗಿಡದಿಂದಲೇ ಸಾಕ್ಷಿ ಬರೆಯಿಸಿದರು. ಸಾವಿರದಲ್ಲೊಂದು ಪಾಲು ಸೆಕೆಂಡನ್ನೂ ಗುರುತಿಸುವ ಯಂತ್ರವನ್ನು ಕಲ್ಕತ್ತೆಯ ಕೆಲಸಗಾರರಿಂದ ಮಾಡಿಸಿ, ಗಾಯವಾಗದಷ್ಟು ಸಣ್ಣ ವಿದ್ಯುತ್ತನ್ನು ಮುಟ್ಟಿಸಿ, ಎಲೆಯು ಬೀಳುವ ಹೊತ್ತನ್ನು ಅಳೆದರು. ತೊಟ್ಟಿನ ನಡುವನ್ನು ತಣ್ಣಗೆ ಮಾಡಿದರೆ ಸುದ್ದಿಯು ತಡವಾಯಿತು. ಅಲ್ಲಿ ವಿಷವನ್ನು ಸವರಿದರೆ ನಿಂತೇ ಹೋಯಿತು. ಬರೇ ತಳ್ಳಾಟವಾಗಿದ್ದರೆ ವಿಷಕ್ಕೆ ಅದನ್ನು ತಡೆಯುವ ಶಕ್ತಿ ಎಲ್ಲಿಂದ ಬಂತು?

1917ರಲ್ಲಿ ಕಲ್ಕತ್ತೆಯಲ್ಲಿ ತಮ್ಮ ಸಂಶೋಧನ ಮಂದಿರವನ್ನು ತೆರೆದರು. ಹಿಂದೆ ಲೇಖನವನ್ನು ತಡೆದ ರಾಯಲ್ ಸೊಸೈಟಿಯೇ 1920ರಲ್ಲಿ ಇವರನ್ನು ಸದಸ್ಯರನ್ನಾಗಿ ಆರಿಸಿತು. ಬೋಸರು ಕೆಲವು ಕಡೆ ಸಾಕ್ಷಿಯನ್ನು ಮೀರಿ ಹೋದರೆಂದು ನಾವೂ ಎಣಿಸುತ್ತೇವೆ. ಗಿಡಕ್ಕೆ ಪ್ರಾಣಿಯಂಥ ನರವೂ ಇಲ್ಲ, ಮೆದುಳೂ ಇಲ್ಲ. ಅದು ನಮ್ಮಂತೆ ನೋಯುವದೆಂದು ಹೇಳಲಿಕ್ಕೆ ಆಧಾರವಿಲ್ಲ. ಆದರೆ ಅದು ಸುದ್ದಿಯನ್ನು ಸಾಗಿಸುವದು ನಿಜ.

1937ನೆಯ ನವೆಂಬರ 23ರಲ್ಲಿ ಗಿರಿಡಿಯೆಂಬ ಊರಲ್ಲಿ ತೀರಿಕೊಂಡರು. ಗಾಯಗೊಂಡ ಟೊಮೆಟೊ ಸಸಿಯ ಒಂದು ಎಲೆಯಿಂದ ಇನ್ನೊಂದಕ್ಕೆ ವಿದ್ಯುತ್ತಿನ ಸಂಜ್ಞೆಯು ಹೋಗಿ, ಹುಳುವಿನ ಜೀರ್ಣಶಕ್ತಿಯನ್ನು ಕೆಡಿಸುವ ಪದಾರ್ಥವನ್ನು ಅಲ್ಲಿ ಹುಟ್ಟಿಸುವದೆಂದು 1992ರಲ್ಲಿ ಪ್ರಕಟವಾಯಿತು. ಗಾಳಿಯ ಮೂಲಕವೂ ಗಿಡದಿಂದ ಗಿಡಕ್ಕೆ ಸುಳಿವು ಹೋಗುವದು ಈಗ ತಿಳಿದದೆ. ಹುಲ್ಲು ಕೊಯ್ಯುವಾಗ ನಮ್ಮ ಮೂಗಿಗೆ ಬರುವ ಹಸಿ ವಾಸನೆಯು ಅಂಥ ಸುಳಿವುಗಳಲ್ಲೊಂದು; ಅದು ನೆರೆಯ ಗಿಡಕ್ಕೂ, ಹುಳುವನ್ನು ಬೇಟೆಯಾಡುವ ಕಣಜಕ್ಕೂ ಮುಟ್ಟುತ್ತದೆ, ಕುಡುಗೋಲು ಹಿಡಿದ ನಮಗೂ ಮುಟ್ಟುತ್ತದೆ.